ಚಂದ್ರನ ಬೆನ್ನ ಮೇಲೆ ಕೋಳಿಗಳು

ಬುಗುರಿ ನಿಂತಲ್ಲಿ ನಿಲ್ಲುವ ಹುಡುಗಿಯಲ್ಲ. ಆ ಹೆಸರು ಬಂದದ್ದೇ ಅದಕ್ಕೆ. ಶಾಲೆಯ ವಿಜ್ಞಾನ ನಾಟಕದಲ್ಲಿ ಅವಳಿಗೆ ಚಂದ್ರನ ಪಾತ್ರ ಸಿಕ್ಕಿತ್ತು. ಮಾತಿಲ್ಲ. ಭೂಮಿಯಾದ ಗುಂಡನ ಕಡೆಗೇ ಮುಖವಿಟ್ಟು, ಅಡ್ಡಡ್ಡ ಹೆಜ್ಜೆ ಹಾಕುತ್ತ ಅವನನ್ನು ಸುತ್ತಬೇಕು. ವೇಷ ಸರಿಯಿಲ್ಲದಿದ್ದರೆ ಪಾತ್ರ ಬೇರೆಯವರಿಗೆ ಎಂದು ಮಿಸ್ ಮೊದಲೇ ಹೇಳಿದ್ದರು.

ವೇಷ ಹೊಲಿದವಳು ದರ್ಜಿ ಚಿಕ್ಕಮ್ಮ. ಮುಂದೆ ಬೂದು ಬಟ್ಟೆ, ಅದರ ಮೇಲೆ ಬಟ್ಟಲಿಟ್ಟು ಗೀರಿ ಹೊಲಿದ ಕುಳಿಗಳು. ಬೆನ್ನಿಗೆ ಅಡುಗೆಮನೆಯ ಹಳೇ ಪರದೆ. ಅದರ ತುಂಬ ಕೆಂಪು ಕೋಳಿಗಳ ಚಿತ್ರ.

"ಚಿಕ್ಕಮ್ಮಾ, ಚಂದ್ರನ ಬೆನ್ನ ಮೇಲೆ ಕೋಳಿ ಇದೆ."

"ಬಟ್ಟೆ ಸಾಲ್ಲಿಲ್ಲ. ಚಂದ್ರನ ಹಿಂಭಾಗ ಭೂಮಿಗೆ ಕಾಣೋದೇ ಇಲ್ಲ ಅಂತ ವಾರವಿಡೀ ತಲೆ ತಿಂದೋಳು ನೀನೇ ತಾನೆ? ಕಾಣದ ಕಡೆ ಒಳ್ಳೆ ಬಟ್ಟೆ ಹಾಕೋಕೆ ನನಗೇನು ಹುಚ್ಚಾ?"

"ಭೂಮಿಗೆ ಕಾಣಲ್ಲ. ನಾಟಕ ನೋಡೋಕೆ ಬಂದೋರಿಗೆ ಕಾಣುತ್ತಲ್ಲ."

ಚಿಕ್ಕಮ್ಮ ಕೈಯಲ್ಲಿದ್ದ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟಳು. ಬಿಚ್ಚಿ ಹೊಲಿಯಲು ಹೊತ್ತಿರಲಿಲ್ಲ. ಇಬ್ಬರೂ ಶಾಲೆಗೆ ಓಡಿದರು.

ಮಿಸ್ ಹಣೆ ಒತ್ತಿಕೊಂಡರು. "ಇದೇನು ಚಂದ್ರನಾ, ಕೋಳಿಗೂಡಾ? ಬೇರೆ ಯಾರಾದ್ರೂ ಮಾಡ್ಲಿ, ಬಿಡು."

ಬುಗುರಿಯ ಕಾಲುಗಳು ಮೊದಲ ಸಲ ನಿಂತಲ್ಲೇ ನಿಂತವು. ಗೋಡೆಯುದ್ದಕ್ಕೂ ಹಾಕಿದ್ದ ಕುರ್ಚಿಗಳನ್ನು ನೋಡಿದಳು.

"ಮಿಸ್, ಎಲ್ಲರನ್ನೂ ಭೂಮಿ ಮೇಲೆ ಕೂರಿಸಿ. ಮಧ್ಯದಲ್ಲಿ, ಗುಂಡನ ಜೊತೆ. ನಾವೆಲ್ಲ ಇರೋದು ಅಲ್ಲೇ ಅಲ್ವಾ? ಆಗ ಕೋಳಿ ಗೋಡೆಗೆ ಮಾತ್ರ ಕಾಣುತ್ತೆ."

ಮಿಸ್ ನಕ್ಕುಬಿಟ್ಟರು. ಅಪ್ಪ ಅಮ್ಮಂದಿರು ಗೊಣಗುತ್ತ ನೆಲದ ಮೇಲೆ ಒತ್ತೊತ್ತಾಗಿ ಕೂತರು. ಗುಂಡ ಅವರ ನಡುವೆ ಮುಳುಗಿಹೋದ. ಕಿಟಕಿ ಮುಚ್ಚಿದರು. ಮೂಲೆಯಲ್ಲಿ ಸ್ಟೂಲಿನ ಮೇಲೆ ನಿಂತು ಸೂರ್ಯನ ದೀಪ ಹಿಡಿಯುವ ಕೆಲಸ ಚಿಕ್ಕಮ್ಮನ ಪಾಲಿಗೆ ಬಂತು.

ಬುಗುರಿ ಸುತ್ತತೊಡಗಿದಳು. ದೀಪದೆದುರಿನ ಗೋಡೆ ತಲುಪಿದಾಗ ಅವಳ ಮುಖವೆಲ್ಲ ಬೆಳಕು. "ಹುಣ್ಣಿಮೆ," ಎಂದರು ಮಕ್ಕಳು. ಪಕ್ಕಕ್ಕೆ ಬಂದಾಗ ಅರ್ಧ. ಅವಳು ವೇಗ ಹೆಚ್ಚಿಸಿದಳು; ಭೂಮಿಯವರೆಲ್ಲ ಕೂತಲ್ಲೇ ಗಿರಗಿರ ತಿರುಗಿದರು.

"ಮೆಲ್ಲಗೆ ಹೋಗು ತಾಯಿ, ತಲೆ ಸುತ್ತುತ್ತೆ," ಎಂದರು ಒಬ್ಬರು ಅಜ್ಜ.

"ಓಡ್ಲಿ ಬಿಡಿ, ಒಂದು ಸುತ್ತಿಗೆ ಒಂದು ತಿಂಗಳು. ಸಂಬಳ ಬೇಗ ಬರುತ್ತೆ," ಎಂದರು ಇನ್ನೊಬ್ಬರು.

ಬುಗುರಿ ದೀಪದ ಮುಂದೆ ಬಂದಳು. ಮುಖ ಕತ್ತಲಾಯಿತು. "ಅಮಾವಾಸ್ಯೆ," ಎಂದು ಮಕ್ಕಳು ಪಿಸುಗುಟ್ಟಿದರು. ಬೆಳಕಷ್ಟೂ ಅವಳ ಬೆನ್ನಿಗೆ ಬಿದ್ದು, ಚಿಕ್ಕಮ್ಮನ ಕಣ್ಣೆದುರು ಕೆಂಪು ಕೋಳಿಗಳು ಸಾಲಾಗಿ ಝಗ್ಗನೆ ಎದ್ದವು. ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ದೀಪ ಗಡಗಡ ನಡುಗಿತು.

"ಮಿಸ್, ಸೂರ್ಯ ಯಾಕೆ ಅಲ್ಲಾಡ್ತಿದೆ?" ಎಂದು ಜನರ ನಡುವಿನಿಂದ ಗುಂಡ ಕೇಳಿದ.

ಮಾತಿಲ್ಲದ ಚಂದ್ರ ಆಗ ಬಾಯಿಬಿಟ್ಟ. "ಹಿಂದುಗಡೆ ಅದಕ್ಕೊಂದಕ್ಕೇ ಕಾಣೋದು," ಎನ್ನುತ್ತ ಬುಗುರಿ ಬೆನ್ನು ತೋರಿಸದೆ ಮುಂದಿನ ತಿಂಗಳಿಗೆ ಅಡ್ಡ ಹೆಜ್ಜೆ ಹಾಕಿದಳು.