ಹಗೇವಿನ ಬಾಯಿ

ನಮ್ಮ ಅತ್ತೆ ದೊಡ್ಡಮುನಿಯಮ್ಮನಿಗೆ ಬೆಂಕಿಗಿಂತ ಸರ್ಕಾರ ಕಂಡರೆ ಭಯ. ಯುದ್ಧದ ಕಾಲದ ಆ ಬೇಸಿಗೆಯಲ್ಲಿ, ಕೃಷ್ಣರಾಜಪುರದ ಆಚೆ ನಮ್ಮ ಹಳ್ಳಿಯ ಬೆನ್ನಿಗಿದ್ದ ಕುರುಚಲು ಕಾಡಿಗೂ ಸರ್ವೆ ತೋಪಿಗೂ ಬೆಂಕಿ ಬಿದ್ದು, ಗಾಳಿಯ ಜೊತೆ ಊರ ಕಡೆಗೇ ಓಡಿಬಂದಾಗ ಮುದುಕಿ ಹೆದರಲಿಲ್ಲ. ಹಸಿ ಸೊಪ್ಪಿನ ಕೊಂಬೆ ಹಿಡಿದು ಗಂಡಸರ ಸಮಕ್ಕೆ ಬಡಿದಳು. ಬೆಂಕಿ ಮೇಲಿನ ಕೇರಿಯ ಗುಡಿಸಲುಗಳನ್ನು ತಿಂದು ತಣ್ಣಗಾಯಿತು. ಸ್ಟೇಷನ್ ಪಕ್ಕದ ಬಯಲಲ್ಲಿ ಸರ್ಕಾರದವರು ಬಿಳಿ ಗುಡಾರ ಹೊಡೆದಿದ್ದಾರೆ, ಸುಟ್ಟವರಿಗೂ ಹೊಗೆ ಕುಡಿದವರಿಗೂ ಔಷಧ, ಗಂಜಿ ಕೊಡುತ್ತಾರೆ ಅಂತ ತಮಟೆ ಹೊಡೆದು ಸಾರಿದರು. ಆಗ ನೋಡಿ, ಅತ್ತೆ ಹೆದರಿ ಜಗಲಿ ಮೇಲೆ ಕೂತುಬಿಟ್ಟಳು.

"ಬಿಳೀ ಗುಡಾರಕ್ಕೆ ಹೋದೋರು ತಿರುಗ್ ಬರಲ್ಲ ಕಣೇ," ಅಂದಳು.

ಅವಳು ಹುಡುಗಿಯಾಗಿದ್ದಾಗ ಪ್ಲೇಗು ಬಂದಿತ್ತಂತೆ. ಜ್ವರ ಬಂದಿದ್ದ ಅವಳ ಅವ್ವನನ್ನು ಸರ್ಕಾರದವರು ಹೊತ್ತು ಅಂಥದೇ ಗುಡಾರಕ್ಕೆ ಒಯ್ದರು. ಹೆಣವೂ ಮನೆಗೆ ಬರಲಿಲ್ಲ. ಇವಳು ಮಾತ್ರ ಉಳಿದಳು, ಇವಳಪ್ಪ ಇವಳನ್ನು ಹಗೇವಿನಲ್ಲಿ ಬಚ್ಚಿಟ್ಟಿದ್ದ. ಹಗೇವು ಅಂದರೆ ರಾಗಿ ತುಂಬಿಡಲು ನೆಲದಲ್ಲಿ ತೋಡಿದ ಗುಂಡಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಒಳಗಿನ ಗಾಳಿ ಕೆಟ್ಟದ್ದು. ಚಪ್ಪಡಿ ಸರಿಸಿ ಒಂದು ಹಗಲು ಹಾಗೇ ಬಿಟ್ಟು, ಆಮೇಲೆ ದೀಪ ಇಳಿಬಿಟ್ಟು ನೋಡುತ್ತೇವೆ. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಮನೆ ಸುಟ್ಟವರಿಗೆ ರಾಗಿ ಅಳೆದುಕೊಡೋಣ ಅಂತ ಆ ಬೆಳಿಗ್ಗೆ ತಾನೇ ನಮ್ಮ ಹಿತ್ತಿಲ ಹಗೇವಿನ ಚಪ್ಪಡಿ ಸರಿಸಿದ್ದೆವು. ದೀಪ ಇನ್ನೂ ಬಿಟ್ಟಿರಲಿಲ್ಲ.

ನನ್ನ ಮಗಳು ಪಿಳ್ಳಮ್ಮ ಹೊಗೆ ಕುಡಿದು ಕೆಮ್ಮುತ್ತಿದ್ದಳು. ಉಸಿರೆಳೆದರೆ ಪಕ್ಕೆ ಒಳಕ್ಕೆ ಹೋಗುತ್ತಿತ್ತು, ತುಟಿ ನೇರಳೆ ಹಣ್ಣು ತಿಂದಂತೆ ಆಗಿತ್ತು.

"ಎತ್ಕೊಂಡ್ ಹೋಗ್ತೀನಿ ಅತ್ತೆ."

"ನನ್ ಹೆಣ ದಾಟ್ಕೊಂಡ್ ಹೋಗು."

ಊರಿಗೆಲ್ಲ ಒಂದು ದಾರಿಯಾದರೆ ನಮ್ಮತ್ತೆಗೇ ಒಂದು ದಾರಿ. ಗಂಡ ಬೈಲಪ್ಪ ತೋಪಿನಲ್ಲಿ ಕೆಂಡ ಆರಿಸುತ್ತಿದ್ದ, ನ್ಯಾಯ ಹೇಳುವವರು ಯಾರೂ ಇರಲಿಲ್ಲ. ಮಗುವನ್ನು ಒಯ್ಯೋದು ಬೇಡವಾದರೆ ಡಾಕ್ಟರನ್ನೇ ಮನೆಗೆ ಕರೆತರುತ್ತೇನೆ ಅಂತ ನಾನೊಬ್ಬಳೇ ಸ್ಟೇಷನ್ನಿಗೆ ಓಡಿದೆ.

ಡಾಕ್ಟರಿಗೆ ಗುಡಾರ ಬಿಟ್ಟು ಬರಲು ಪುರುಸೊತ್ತಿರಲಿಲ್ಲ. ಶಿವಾಜಿನಗರದ ಕಡೆಯ ಅಕ್ತರ್ ಅನ್ನುವ ಕಾಂಪೌಂಡರು ಔಷಧದ ಪೆಟ್ಟಿಗೆ ಹಿಡಿದು ನನ್ನ ಜೊತೆ ಸರ್ಕಾರದ ಲಾರಿ ಹತ್ತಿದರು. "ಫಿಕರ್ ಮಾಡ್ಬೇಡಿ ಅಮ್ಮಾ, ಮಗೂಗೆ ಏನೂ ಆಗಲ್ಲ," ಅಂತ ದಾರಿಯುದ್ದಕ್ಕೂ ಹೇಳಿದರು. ಲಾರಿಯ ಧೂಳು ನಮಗಿಂತ ಮುಂಚೆ ಊರು ಸೇರಿರಬೇಕು. ಒಂದು ಬಾಗಿಲೂ ತೆರೆದಿರಲಿಲ್ಲ. ಗುಡಾರದ ಭಯ ನಮ್ಮತ್ತೆಯೊಬ್ಬಳದ್ದೇ ಅಲ್ಲ ಅಂತ ಆಗ ತಿಳಿಯಿತು.

ಮನೆಯಲ್ಲಿ ಅತ್ತೆಯಿಲ್ಲ, ಮಗುವಿಲ್ಲ. ಕೂಗಿದೆ. ಮಗುವಿನ ಕೆಮ್ಮು ಕೇಳುತ್ತದೇನೋ ಅಂತ ನಿಂತೆ. ಬೆಳಗಿನಿಂದ ಆ ಕೆಮ್ಮು ಯಾವಾಗ ನಿಲ್ಲುತ್ತದಪ್ಪಾ ಅನ್ನುತ್ತಿದ್ದವಳು ನಾನು. ಈಗ ಅದು ನಿಂತಿತ್ತು.

ಹಿತ್ತಿಲಿಗೆ ಹೋದೆ. ತೆರೆದಿಟ್ಟಿದ್ದ ಹಗೇವಿನ ಬಾಯಿಗೆ ಗೋಣಿಚೀಲ ಮುಚ್ಚಿತ್ತು.

ಓಡಿಹೋಗಿ ಮಂಡಿಯೂರಿ ಚೀಲ ಎಳೆದೆ. ಮೊದಲು ಕಂಡದ್ದು ಮಗಳ ತಲೆಗೂದಲು, ನನ್ನ ಕೈಗೆಟಕುವಷ್ಟು ಹತ್ತಿರದಲ್ಲಿ. ಅತ್ತೆ ರಾಗಿಯ ಮೇಲೆ ನಿಂತು, ಗೋಡೆಗೆ ಬೆನ್ನು ಕೊಟ್ಟು, ಎರಡು ಕೈಯಲ್ಲೂ ಮಗುವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದಳು. ಹೆದರಿಕೆಯಲ್ಲಿ ದೀಪದ ರೂಢಿ ಮರೆತಿದ್ದಳು. ಕೆಟ್ಟ ಗಾಳಿ ಕೆಳಗಿರುತ್ತದೆ ಅನ್ನೋದು ಒಳಗೆ ಇಳಿದ ಮೇಲೆ ನೆನಪಾಗಿರಬೇಕು. ನಾನು ಮಗುವನ್ನು ಎಳೆದುಕೊಂಡದ್ದೇ ತಡ, ಆ ಕೈಗಳು ಹಾಗೇ ಜಾರಿ ಕತ್ತಲೊಳಗೆ ಹೋದವು.

ಅಕ್ತರ್ ಬಾವಿಹಗ್ಗ ಸೊಂಟಕ್ಕೆ ಕಟ್ಟಿಕೊಂಡರು. "ಉಸಿರು ಬಿಗಿಹಿಡೀರಿ ಸ್ವಾಮಿ, ಒಳಗೆ ಎಳ್ಕೊಂಡ್ರೆ ಮುಗೀತು!" ಅಂತ ಕಿರುಚಿದೆ. ಅವರು ಇಳಿದು ಅತ್ತೆಯನ್ನು ತಬ್ಬಿಕೊಂಡರು. ಡ್ರೈವರೂ ನಾನೂ ಸೇರಿ ಇಬ್ಬರನ್ನೂ ಎಳೆದೆವು. ಮಗು ನೆಲದ ಮೇಲೆ ಒಮ್ಮೆ ಬಿಕ್ಕಿ ಕೆಮ್ಮಿತು. ಅಷ್ಟು ಚೆಂದದ ಸದ್ದನ್ನು ನಾನು ಹುಟ್ಟಿದಮೇಲೆ ಕೇಳಿಲ್ಲ.

ಲಾರಿಯಲ್ಲಿ ಗುಡಾರಕ್ಕೆ ಒಯ್ದೆವು, ಅಲ್ಲಿ ಅತ್ತೆಯ ಮೂಗಿಗೂ ಮಗುವಿನ ಮೂಗಿಗೂ ಸಿಲಿಂಡರಿನ ಗಾಳಿ ಹಿಡಿದರು. ಸಂಜೆಗೆ ಮಗುವಿನ ತುಟಿ ಕೆಂಪಾಯಿತು, ಗಂಜಿ ಕುಡಿಯಿತು. ಅತ್ತೆ ಕಣ್ಣು ಬಿಟ್ಟಳು. ಮೇಲೆ ಬಿಳಿ ಬಟ್ಟೆ ಕಂಡು ನನ್ನ ಕೈ ಉಗುರಿಳಿಯುವ ಹಾಗೆ ಹಿಡಿದಳು.

"ಮಗು?"

"ಇಲ್ಲೇ ಅವಳೆ ಅತ್ತೆ, ನೋಡಿ."

ನೋಡಿದಳು. ಆದರೂ ಹೆದರಿಕೆ ಹೋಗಲಿಲ್ಲ. "ನನ್ ಹೆಣನಾದ್ರೂ ಮನೇಗ್ ತರ್ತಾರೇನೇ?"

ಸತ್ತರೆ ತಾನೇ ಅಂತ ಗದರಬೇಕೆಂದಿದ್ದೆ, ಸೆರಗಿನಿಂದ ಅವಳ ಮುಖ ಒರೆಸಿದೆ. ಅಕ್ತರ್ ಪಕ್ಕದಲ್ಲಿ ಕೂತು, "ನಾನೇ ಕರ್ಕೊಂಡ್ ಹೋಗ್ತೀನಿ ಅಮ್ಮಾ," ಅಂದರು. ಹೇಗೆ ಅಂತ ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಬೆಳಗಾಗುವಷ್ಟರಲ್ಲಿ ಅತ್ತೆ ಹೋಗಿಬಿಟ್ಟಳು.

ಲಾರಿಯಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ನನಗೆ ಊರಿನ ಹೆದರಿಕೆ ಹತ್ತಿತು. ಮುದುಕಿ ಹೇಳಿದ್ದೇ ನಿಜವಾಯಿತು ಅನ್ನುತ್ತಾರೆ. ಆ ಮುಚ್ಚಿದ ಬಾಗಿಲುಗಳ ಹಿಂದೆ ಸುಟ್ಟವರಿದ್ದರು, ಕೆಮ್ಮುವವರಿದ್ದರು. ಇನ್ನು ಯಾರು ತೆರೆಯುತ್ತಾರೆ?

ಲಾರಿ ನಮ್ಮ ಬಾಗಿಲಲ್ಲಿ ನಿಂತಿತು. ರಾತ್ರಿಯೆಲ್ಲ ತೋಪಿನಲ್ಲಿದ್ದು ಆಗಷ್ಟೇ ಮನೆಗೆ ಬಂದಿದ್ದ ಬೈಲಪ್ಪ ಓಡಿಬಂದು ತಾಯಿಯನ್ನು ತಬ್ಬಿ ಅತ್ತ. ನಾನು ಪಿಳ್ಳಮ್ಮನನ್ನು ಸೊಂಟಕ್ಕೇರಿಸಿ ಬೀದಿಯ ನಡುವೆ ನಿಂತು ಕೂಗಿದೆ.

"ಗುಡಾರಕ್ಕೆ ಹೋದೋಳು ಬಂದವಳೆ, ನೋಡ್ರಿ! ನಮ್ಮತ್ತೆ ಪ್ರಾಣ ಹೋಗಿದ್ದು ಗುಡಾರದಿಂದಲ್ಲ, ಹಗೇವಿನ ಗಾಳಿಯಿಂದ. ಹೆಣಾನೂ ಮನೇಗ್ ತಂದವ್ರೆ. ಬನ್ರಿ, ಬಚ್ಚಿಟ್ಟಿರೋರ್ನ ಕರ್ಕೊಂಡ್ ಬನ್ರಿ!"

ಮಗು ಕೆಮ್ಮಿತು. ಎದುರು ಮನೆಯ ಒಳಗಿನಿಂದ ಅಂಥದೇ ಕೆಮ್ಮು ಕೇಳಿತು. ಆಮೇಲೆ ಅಗುಳಿ ಸರಿದ ಸದ್ದಾಯಿತು. ಮುನಿವೆಂಕಟಮ್ಮ ತೋಳು ಸುಟ್ಟ ಗಂಡನನ್ನು ಹಿಡಿದುಕೊಂಡು ಹೊಸ್ತಿಲು ದಾಟಿದಳು. ಅತ್ತೆಯ ಹೆಣದ ಕಡೆ ನೋಡಿ ಕೈಮುಗಿದು, ಲಾರಿಯ ಕಡೆ ನಡೆದಳು.

ಅತ್ತೆಯನ್ನು ತಂದ ಲಾರಿ ಖಾಲಿ ಹೋಗಲಿಲ್ಲ.