ಬೆಳ್ಳುಳ್ಳಿ ಇಲ್ಲದ ಮನೆಯಲ್ಲಿ ಬೆಳ್ಳುಳ್ಳಿ ವಾಸನೆ

ನಮ್ಮ ಮನೆಗೆ ಬೆಳ್ಳುಳ್ಳಿ ತರುವುದಿಲ್ಲ. ನನ್ನ ಗಂಡ ವರ್ಲಿನ್‌ಗೆ ಅದು ಆಗದು. ಆದರೂ ಹೋದ ಮಾರ್ಚ್ ತಿಂಗಳಲ್ಲಿ ಮನೆಗೆಲ್ಲ ಬೆಳ್ಳುಳ್ಳಿ ವಾಸನೆ ಹಿಡಿಯಿತು. ದಿಂಬಿನಲ್ಲಿ, ಪಿಕಪ್ ಟ್ರಕ್ಕಿನ ಸೀಟಿನಲ್ಲಿ, ಅವನು ಕುಡಿದಿಟ್ಟ ಕಾಫಿ ಲೋಟದಲ್ಲಿ. ಪರದೆಗಳನ್ನೆಲ್ಲ ಒಗೆದೆ. ನೆಲಮಾಳಿಗೆಯಲ್ಲಿ ಇಲಿ ಸತ್ತಿದೆಯೇನೋ ಎಂದು ಹುಡುಕಿದೆ. ಏನೂ ಇರಲಿಲ್ಲ. ವಾಸನೆ ಅವನ ಹಿಂದೆಯೇ ಓಡಾಡುತ್ತಿತ್ತು.

ಆಮೇಲೆ ಅವನ ತಲೆಗೂದಲು ಹಿಡಿ ಹಿಡಿಯಾಗಿ ಉದುರತೊಡಗಿತು. ಒಂದು ಬೆಳಿಗ್ಗೆ ಬೇಲಿಯ ತಂತಿ ಬಿಗಿದು ಬಂದು ಕೈಗವಸು ಎಳೆದ. ಹೆಬ್ಬೆರಳ ಉಗುರು ಗವಸಿನೊಳಗೇ ಉಳಿಯಿತು. ರಕ್ತವೇ ಇಲ್ಲ. ಅದನ್ನು ಮೇಜಿನ ಮೇಲಿಟ್ಟು ಕಾಫಿ ಕೇಳಿದ.

"ಏನೋ ಇದು?"

"ಉಗುರು, ಮಾರ್ಲಾ."

"ಉಗುರು ಅಂತ ನಂಗೂ ಗೊತ್ತು. ಯಾಕೆ ಕಳಚ್ತು?"

"ವಯಸ್ಸಾಯ್ತಲ್ಲ," ಎಂದ. ಅವನಿಗೆ ಐವತ್ತೆರಡು.

ಅಂದೇ ಪಶುವೈದ್ಯೆ ಕೊಲೀನ್ ಪೆಸಿಕಾ ನಮ್ಮ ಕುದುರೆಯನ್ನು ನೋಡಲು ಬಂದಿದ್ದರು. ಹಳ್ಳದಾಚೆ ನಮ್ಮದೊಂದು ಹುಲ್ಲುಗಾವಲಿದೆ. ನೆಲದಲ್ಲಿರುವ ಸೆಲೆನಿಯಂ ಎಂಬ ಖನಿಜ ಹೀರುವ ಗಿಡಗಳು ಅಲ್ಲಿ ಬೆಳೆಯುತ್ತವೆ. ಅವನ್ನು ಮೇಯ್ದ ದನದ ಬಾಲ ಬೋಳಾಗಿ ಗೊರಸು ಕಳಚುತ್ತದೆ. ವರ್ಲಿನ್‌ನ ಅಜ್ಜನ ಕಾಲದಿಂದಲೂ ಆ ಹುಲ್ಲುಗಾವಲಿಗೆ ಬೇಲಿ ಹಾಕಿಟ್ಟಿದ್ದೇವೆ. ಬೇಲಿ ಮುರಿದಿದ್ದಾಗ ಈ ಕುದುರೆ ಅಲ್ಲಿ ಸೇರಿಕೊಂಡು ಮೇಯ್ದಿತ್ತು; ಕತ್ತಿನ ಕೂದಲೆಲ್ಲ ಉದುರಿ ಗೊರಸು ಬಿರುಕು ಬಿಟ್ಟಿತ್ತು.

ಕೊಟ್ಟಿಗೆಯಲ್ಲಿ ವರ್ಲಿನ್ ಹತ್ತಿರ ಹೋದಾಗ ಅದು ಅವನ ಬಾಯಿ ಮೂಸಿತು. ಆಮೇಲೆ ತನ್ನ ಬೋಳು ಕತ್ತನ್ನು ಅವನ ಬೋಳು ತಲೆಗೆ ಆನಿಸಿ ಅಲುಗಾಡದೆ ನಿಂತಿತು. ಗುರುತು ಸಿಕ್ಕಿತೋ ಎಂಬಂತೆ.

ಕೊಲೀನ್ ಗೊರಸು ನೋಡಿದರು. ವರ್ಲಿನ್‌ನ ಕೈ ಹಿಡಿದು ಉಗುರುಗಳನ್ನು ನೋಡಿದರು. ಮತ್ತೆ ಗೊರಸು ನೋಡಿದರು.

"ನೀನೂ ಹಳ್ಳದಾಚೆ ಮೇಯೋಕೆ ಹೋಗಿದ್ದೆಯಾ?"

ಅವನು ಕುದುರೆ ಜೀನುಗಳ ಹಿಂದಿನಿಂದ ಒಂದು ಬಾಟಲಿ ತಂದ. ಸೆಲೆನಿಯಂ ಮಾತ್ರೆ.

"ಅಣ್ಣ ಡೇಲ್ ಕರುಳಿನ ಕ್ಯಾನ್ಸರಲ್ಲಿ ಹೋದ್ನಲ್ಲ. ಈ ಮಾತ್ರೆ ಅದು ಬರದ ಹಾಗೆ ಕಾಯತ್ತಂತೆ."

"ದಿನಕ್ಕೆ ಎಷ್ಟು?"

"ಹತ್ತು."

"ಬಾಟ್ಲಿ ಮೇಲೆ ಒಂದು ಅಂತಿದೆ."

"ಅದು ಸಣ್ಣ ಆಳಿಗೆ. ನಾನು ಇನ್ನೂರ ಎಂಬತ್ತು ಪೌಂಡ್. ಕರುಗೆ ತೂಕ ನೋಡಿ ತಾನೇ ಔಷಧ ಕೊಡೋದು?"

ದನ ಸಾಕುವವರ ಬುದ್ಧಿ ಇದು. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

"ಕೇಳು," ಎಂದರು ಕೊಲೀನ್. "ಮೈ ಸೆಲೆನಿಯಂ ಇಟ್ಕೊಂಡು ಕೆಲವು ಪ್ರೋಟೀನ್ ಕಟ್ಟತ್ತೆ. ಅವು ಕರುಳಿನ ಜೀವಕೋಶಕ್ಕೆ ಕಾವಲು ನಾಯಿ ಇದ್ದ ಹಾಗೆ. ಆದ್ರೆ ಬೇಕಾದಷ್ಟು ಕಟ್ಟಿದ್ಮೇಲೆ ಮೈ ನಿಲ್ಲಿಸಿಬಿಡತ್ತೆ. ಮಿಕ್ಕಿದ್ದು ವಿಷ: ಕೂದ್ಲು, ಉಗುರು ಉದುರತ್ತೆ, ಉಸಿರು ಬೆಳ್ಳುಳ್ಳಿ ನಾರತ್ತೆ. ಈ ನೆಲದ ಗೋಧಿ, ಈ ನೆಲದ ಮಾಂಸ ತಿಂತೀಯ, ನಿಂಗೆ ಸೆಲೆನಿಯಂ ಏನು ಕಡಿಮೆ?"

"ಕಾವಲು ಇದ್ರೆ ಒಳ್ಳೇದಲ್ವಾ?"

"ಯಾರನ್ನ ಕಾಯತ್ತೆ ಅಂತ ಕೇಳು. ಒಳಗೆ ಕ್ಯಾನ್ಸರ್ ಆಗ್ಲೇ ಹುಟ್ಟಿದ್ರೆ ಅದೂ ನಿನ್ನ ಮೈಯದ್ದೇ. ಆ ಪ್ರೋಟೀನ್‌ಗಳಲ್ಲಿ ಕೆಲವು ಅದನ್ನೂ ಕಾಯಬಹುದು. ಇಲಿಗಳಲ್ಲಿ ಅಂಥ ಒಂದನ್ನ ತೆಗೆದು ನೋಡಿದಾಗ ಕರುಳಿನ ಗಡ್ಡೆ ಕಡಿಮೆ ಆಗಿದ್ದೂ ಉಂಟು. ಕೊಟ್ಟಿಗೇಲಿ ಹುಟ್ಟಿದ್ದನ್ನೆಲ್ಲ ನಾಯಿ ಕಾಯತ್ತೆ, ವರ್ಲಿನ್. ಕುರಿಮರಿಯೋ ತೋಳದ ಮರಿಯೋ ಅಂತ ನೋಡಲ್ಲ."

ಕತ್ತಲೆ ಮೂಲೆಯಲ್ಲಿ ಯಾರೋ ಉಸಿರು ಬಿಟ್ಟ ಹಾಗಾಯಿತು. ಕುದುರೆಯಂತೂ ನನ್ನ ಪಕ್ಕದಲ್ಲೇ ಇತ್ತು; ಆ ತೋಳದ ಮರಿಯೇ ಅಲ್ಲಿದ್ದಂತೆ ಅನಿಸಿತು.

"ಕರುಳು ಪರೀಕ್ಷೆ ಮಾಡಿಸಿದ್ದೀಯಾ?"

"ಮಾತ್ರೆ ತಗೋತಿದ್ನಲ್ಲ."

"ಮಲದಲ್ಲಿ ರಕ್ತ?"

ಅವನು ನನ್ನ ಕಡೆ ನೋಡಿದ. "ಕ್ರಿಸ್‌ಮಸ್‌ನಿಂದ."

ಮೂರು ತಿಂಗಳು ಒಂದೇ ಹಾಸಿಗೆಯಲ್ಲಿ ಮಲಗಿದ್ದೇವೆ, ನನಗೊಂದು ಮಾತು ಹೇಳಿರಲಿಲ್ಲ. ಕೋಪ ಬಂತು. ಕೋಪಕ್ಕಿಂತ ಹೆಚ್ಚು ಭಯವಾಯಿತು.

"ಡೇಲೂ ಹಿಂಗೇ ಸುಮ್ನಿದ್ದ," ಎಂದೆ.

"ಹಿಂದಿನಿಂದ ಕೊಳವೆ ಹಾಕ್ತಾರೆ ಕಣೇ. ಊರು ನಗತ್ತೆ."

"ವರ್ಷಕ್ಕೆ ಸಾವಿರ ಹಸುಗೆ ಭುಜದವರೆಗೂ ಕೈ ಹಾಕ್ತೀನಿ," ಎಂದರು ಕೊಲೀನ್. "ಒಂದೂ ನಾಚ್ಕೊಂಡಿಲ್ಲ. ನಿಂಗಾದ್ರೆ ಮಂಪರು ಬರ್ಸಿ ಮಾಡ್ತಾರೆ. ನಾನು ದನದ ಡಾಕ್ಟರು. ನೀನು ಮನುಷ್ಯರ ಡಾಕ್ಟರ ಹತ್ರ ಹೋಗು. ಆ ಬಾಟ್ಲೀನೂ ತಗೊಂಡ್ಹೋಗು."

ಆ ವಾರವೇ ಹೋದೆವು. ಕರುಳಿನ ಒಳಗೋಡೆಯಲ್ಲಿ ದ್ರಾಕ್ಷಿ ಗಾತ್ರದ ಗಂಟೊಂದಿತ್ತು. ಕ್ಯಾನ್ಸರ್ ಆಗುವ ಹಾದಿಯಲ್ಲಿತ್ತು, ಆಗಿರಲಿಲ್ಲ. ಅದೇ ಕೊಳವೆಯಲ್ಲಿ ಕತ್ತರಿಸಿ ತೆಗೆದರು. ಮನೆಗೆ ಬಂದವನು ಮೊದಲು ತನ್ನ ತಂಗಿ ರಾಂಡಾಗೆ ಫೋನ್ ಮಾಡಿ, ಕರುಳು ಪರೀಕ್ಷೆ ಮಾಡಿಸ್ಕೋ ಎಂದ.

"ನಾನು ಚೆನ್ನಾಗೇ ಇದೀನಲ್ಲ," ಎಂದಳಂತೆ.

"ನಾನೂ ಚೆನ್ನಾಗೇ ಇದ್ದೆ. ಹೋಗು."

ಮಾತ್ರೆ ನಿಲ್ಲಿಸಿದ ಮೇಲೆ ವಾಸನೆ ಮೆಲ್ಲಗೆ ಮನೆ ಬಿಟ್ಟು ಹೋಯಿತು. ಉಗುರು ಬರುತ್ತಿದೆ, ಕುದುರೆಗೂ ಕೂದಲು ಬರುತ್ತಿದೆ. ಕಳಚಿದ ಉಗುರನ್ನು ಮಾತ್ರ ನಾನು ಕಿಟಕಿಯಲ್ಲಿಟ್ಟಿದ್ದೇನೆ, ಬಂದವರಿಗೆ ತೋರಿಸಲು.

ಓದುತ್ತಿರುವವರೇ, ನಿಮಗೂ ಹೇಳುತ್ತೇನೆ. ವೈದ್ಯರನ್ನು ಕೇಳದೆ ಸೆಲೆನಿಯಂ ಮಾತ್ರೆ ನುಂಗಬೇಡಿ. ಯಾವ ಮಾತ್ರೆಯೂ ಕರುಳಿನ ಪರೀಕ್ಷೆಯ ಬದಲಿಗೆ ಆಗುವುದಿಲ್ಲ. ನಲವತ್ತೈದು ದಾಟಿದ್ದರೆ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಒಡಹುಟ್ಟಿದವರಿಗೋ ಹೆತ್ತವರಿಗೋ ಈ ರೋಗ ಬಂದಿದ್ದರೆ ಇನ್ನೂ ಮೊದಲೇ ಕೇಳಿ. ರಕ್ತ ಕಂಡರೆ ವಯಸ್ಸು ನೋಡಬೇಡಿ, ಹೋಗಿ ತೋರಿಸಿ. ಇವತ್ತು ಊಟಕ್ಕೆ ಕೂತಾಗ ನಿಮ್ಮವರನ್ನೂ ಒಂದು ಮಾತು ಕೇಳಿ: ರಕ್ತ ಕಂಡಿದೆಯಾ, ಪರೀಕ್ಷೆ ಆಗಿದೆಯಾ? ಉತ್ತರ ಬರುವವರೆಗೆ ಬಡಿಸಬೇಡಿ.