ಸಾಣೆಗೆ ಹೋದ ಕತ್ತರಿ

ಇಡೀ ಬೀದಿಗೆ ನಾನು ಟೈಲರ್ ಮಾಸ್ಟರ್. ಆದರೆ ಕೈಗೆ ನಡುಕ ಹಿಡಿದು ಮೂರು ವರ್ಷವಾಯಿತು. ಅಂದಿನಿಂದ ಬಟ್ಟೆ ಕತ್ತರಿಸುವವಳು ನನ್ನ ಹೆಂಡತಿ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಎಲ್ಲ ಕತ್ತರಿಸಿಟ್ಟು, ಒಳಕೋಣೆಯ ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ. ಆಮೇಲೆ ನಾನು ಕೊರಳಿಗೆ ಟೇಪು ಹಾಕಿಕೊಂಡು ಮೇಜಿನ ಹಿಂದೆ ಠೀವಿಯಿಂದ ನಿಲ್ಲುತ್ತೇನೆ. ಈ ಏರ್ಪಾಡು ನನ್ನದೇ. ನಾಚಿಕೆಗೇಡು ಅನ್ನಿ, ಒಪ್ಪುತ್ತೇನೆ.

ಅವತ್ತು ನಿವೃತ್ತ ಇಂಗ್ಲಿಷ್ ಟೀಚರೊಬ್ಬರು ಕೋಟಿನ ಬಟ್ಟೆ ತಂದರು. ಯಂತ್ರದ ಸದ್ದು ಕೇಳಿ, "ಒಳಗಿರೋದು ನಿಮ್ಮ ಹೆಲ್ಪ್‌ಮೀಟಾ?" ಅಂದರು.

"ಹಾಗಂದ್ರೆ, ಮೇಡಂ?"

"ಹಳೇ ಕಾಲದ ಇಂಗ್ಲಿಷು. ಹೆಚ್ಚಾಗಿ ಹೆಂಡತಿಗೆ ಹೇಳ್ತಿದ್ರು, ಈಗ ಯಾರೂ ಬಳಸಲ್ಲ. ಕೈಯಾಳು ಅಂತಲ್ಲ, ಸರಿಸಮವಾಗಿ ಹೆಗಲು ಕೊಡೋ ಜೊತೆಗಾರ್ತಿ ಅಂತ."

"ಅಯ್ಯೋ, ಅಷ್ಟೆಲ್ಲ ಇಲ್ಲ ಬಿಡಿ. ಇವಳು ಗುಂಡಿ ಹಾಕ್ತಾಳೆ, ಅಷ್ಟೇ," ಎಂದು ನಕ್ಕೆ. ಒಳಗೆ ಯಂತ್ರ ನಿಂತಿತು.

"ಕೋಟಿಗೆ ಬೇಕಾದಷ್ಟು ನನ್ನ ಕಣ್ಣೆದುರೇ ಕತ್ತರಿಸಿ ಉಳಿದದ್ದು ಕೊಟ್ಬಿಡಿ. ಹಿಂದೊಬ್ಬ ಅರ್ಧ ಮೀಟರ್ ನುಂಗಿಬಿಟ್ಟ," ಅಂದರು ಟೀಚರ್.

ನಾಳೆ ಬನ್ನಿ ಅಂದೆ, ಜಪ್ಪಯ್ಯ ಅಂದರೂ ಕೇಳಲಿಲ್ಲ. ವಿಧಿಯಿಲ್ಲದೆ ಕತ್ತರಿ ಎತ್ತಿಕೊಂಡೆ. ನನ್ನವಳು ಎಡಚಿ, ಕತ್ತರಿಯೂ ಎಡಗೈಯವರದು. ನನ್ನದನ್ನು ಎಂದೋ ಮಾರಿಯಾಗಿತ್ತು. ನಡುಗುವ ಬಲಗೈಯಲ್ಲಿ ಅದು ಬಟ್ಟೆಯ ಅಂಚನ್ನು ಕತ್ತರಿಸದೆ ಅಗಿಯಿತು.

ಟೀಚರ್ ಕನ್ನಡಕ ಸರಿಮಾಡಿಕೊಂಡರು. "ಇದು ಎಡಗೈ ಕತ್ತರಿ ಅಲ್ವಾ? ನಿಮ್ಮದೆಲ್ಲಿ, ಮಾಸ್ಟರ್?"

ಆಗಲೇ ನಿಜ ಹೇಳಿಬಿಡಬೇಕಿತ್ತು. ಅಷ್ಟರಲ್ಲಿ ಅವಳು ಹೊರಗೆ ಬಂದಳು.

"ಅವರದನ್ನ ಸಾಣೆಗೆ ಕೊಟ್ಟಿದೀನಿ, ಮೇಡಂ. ಇದು ನಂದು. ಗುಂಡಿ ಹಾಕುವಾಗ ದಾರಗೀರ ಕತ್ತರಿಸೋಕೆ."

ನನ್ನ ಮಾನ ಉಳಿಯಿತು. ಅಲ್ಲಿಗಾದರೂ ಬಾಯಿ ಮುಚ್ಚಿಕೊಂಡಿರಬಹುದಿತ್ತು.

"ಕೊಡೋ ಮುಂಚೆ ಒಂದು ಮಾತು ಕೇಳಬಾರದಾ? ಎಷ್ಟು ಸಲ ಹೇಳಿದ್ರೂ ಅಷ್ಟೇ ನಿಂದು!" ಎಂದು ಗಿರಾಕಿಯ ಎದುರೇ ರೇಗಿದೆ.

ಇಲ್ಲದ ಕತ್ತರಿಗಾಗಿ ಬೈಸಿಕೊಂಡವಳು ಒಂದು ಕ್ಷಣ ನನ್ನನ್ನು ನೋಡಿದಳು. "ತಪ್ಪಾಯ್ತು ರೀ," ಎಂದು ಒಳಗೆ ಹೋದಳು.

"ಪಾಪ, ಬೈಬೇಡಿ," ಅಂದರು ಟೀಚರ್. "ಬಟ್ಟೆ ಇಲ್ಲೇ ಇರಲಿ. ನಿಮ್ಮ ಕೈಮೇಲೆ ನಂಗೆ ನಂಬಿಕೆ ಇದೆ."

ಅವರು ಹೋದ ಮೇಲೆ ಒಳಗೆ ಹೋಗಿ ಅವಳ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.